ಹಿಂದಿನ ಸೀಟಿನ ಕಾಕು

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಹೆಲ್ಮೆಟ್ಟೊಂದು ಸಿಕ್ಕಿತು. ಒಳಗಿನ ಸ್ಪಂಜಿನಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ. ತಲೆಗೆ ಅಷ್ಟು ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ಒಬ್ಬರೇ... ನಮ್ಮ ಕೆಳಗಿನ ಮನೆಯ ಕಾಕು.

ಕಾಕು ರಾಯಚೂರಿನ ಕಡೆಯವರು; ಅಲ್ಲಿ ಚಿಕ್ಕಮ್ಮನನ್ನು ಕಾಕು ಎನ್ನುತ್ತಾರೆ. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ರವಿಕೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನನ್ನ ಆಫೀಸೂ ಅದೇ ದಾರಿಯಲ್ಲಿತ್ತು. ಬೆಳಿಗ್ಗೆ ರೊಟ್ಟಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಸ್ಕೂಟಿಯ ಹಿಂದೆ ಕೂರುತ್ತಿದ್ದರು.

ನನಗೆ ಆಗ ಒಂದು ವಿಚಿತ್ರ ಭಯ. ಚಕ್ರ ಗುಂಡಿಗೆ ಇಳಿದು ದಡಕ್ ಎಂದರೆ ಸಾಕು, ಯಾರ ಮೇಲೋ ಗಾಡಿ ಹತ್ತಿಸಿಬಿಟ್ಟೆನೇ ಎಂದು ಎದೆ ಹಾರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ನಂಬಿಕೆಯಿಲ್ಲ, ಹಿಂದಿರುಗಿ ಹೋಗಿಯೇ ನೋಡಬೇಕು. ನೋಡಿ ಬಂದರೆ, ನೋಡಲು ಹೋದಾಗ ಇನ್ಯಾರಿಗೋ ತಾಗಿಸಿದೆನೇನೋ ಎಂಬ ಹೊಸ ಅನುಮಾನ! ಹೈದರಾಬಾದಿನ ರಸ್ತೆಗಳಲ್ಲಿ ಗುಂಡಿಗಳಿಗೇನು ಬರವೇ? "ಅನುಮಾನಂ ಪೆನುಭೂತಂ", ಅನುಮಾನವೇ ದೊಡ್ಡ ಭೂತ, ಎಂದು ತೆಲುಗಿನ ಗೆಳತಿಯರು ನಗುತ್ತಿದ್ದರು. ಭೂತ ಹೊಕ್ಕವಳಿಗೆ ನಗು ಎಲ್ಲಿಂದ ಬರಬೇಕು? ಇನ್ನೂ ಹೀಗೇ ತಡವಾಗಿ ಬಂದರೆ ಬರುವುದೇ ಬೇಡ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

ಕಾಕು ಹಿಂದೆ ಕೂರತೊಡಗಿದ ಮೇಲೆ ತಿರುಗಿ ಹೋಗಬೇಕಿರಲಿಲ್ಲ.

"ಕಾಕು, ಯಾರಿಗರೆ ತಾಗಿತೇನ್ರಿ?"

"ಇಲ್ಲವ್ವಾ, ತಗ್ಗು ಐತಿ. ನಡಿ."

ಆ ಒಂದು ಮಾತಿನಿಂದ ಮುಂದಿನ ಸಿಗ್ನಲ್ಲಿನವರೆಗೆ ನೆಮ್ಮದಿ. ಆಮೇಲೆ ಮತ್ತೆ ಅದೇ ಪ್ರಶ್ನೆ...

ಕೊನೆಗೆ ಡಾಕ್ಟರ ಬಳಿ ಹೋದಾಗ ಕಾಕುವೂ ಜೊತೆಗೆ ಬಂದರು. ಇದಕ್ಕೆ ಓಸಿಡಿ, ಗೀಳಿನ ಕಾಯಿಲೆ, ಅನ್ನುತ್ತಾರೆ ಎಂದರು ಡಾಕ್ಟರು. ಮಾತ್ರೆ ನನಗೆ ಬರೆದರು, ಪಥ್ಯ ಕಾಕುವಿಗೆ ಹೇಳಿದರು. ಇವಳು ಕೇಳಿದಾಗ ಇಲ್ಲ ಎಂದು ಸಮಾಧಾನ ಹೇಳಬೇಡಿ, ಗೊತ್ತಿಲ್ಲದೆಯೂ ಬದುಕುವುದನ್ನು ಇವಳು ರೂಢಿ ಮಾಡಿಕೊಳ್ಳಬೇಕು, ಎಂದು. ಕಾಕುವಿಗೆ ಸಿಟ್ಟು ಬಂತು. "ಹುಡುಗಿ ಅಳಾಕತ್ತಿದ್ರ ಒಂದು ಮಾತು ಹೇಳಬಾರದಂತ. ಇದೆಂಥಾ ಔಷಧ?" ಎಂದು ಮೆಟ್ಟಿಲು ಇಳಿಯುವ ತನಕ ಗೊಣಗಿದರು.

ಮರುದಿನ ಫ್ಲೈಓವರಿನ ಕೆಳಗೆ ದಡಕ್ ಎಂದಿತು. ಕೇಳಿದೆ.

"ಗೊತ್ತಿಲ್ಲವ್ವಾ."

"ಖರೇ ಹೇಳ್ರಿ ಕಾಕು, ಕೈ ಮುಗೀತೀನಿ."

"ಗೊತ್ತಿಲ್ಲ. ನಡಿ."

ಅವರನ್ನು ಅಲ್ಲೇ ಇಳಿಸಿ ಹಿಂದಕ್ಕೆ ಓಡಬೇಕೆನಿಸಿತು. ಅಂಗೈ ಬೆವತು ಹ್ಯಾಂಡಲ್ ಜಾರುತ್ತಿತ್ತು. ರಸ್ತೆಯಲ್ಲಿ ಯಾರೋ ಬಿದ್ದು ನರಳುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಕಾಕು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಳುತ್ತಲೇ ಗಾಡಿ ಓಡಿಸಿದೆ. ಆಫೀಸಿನಲ್ಲಿ ಮಧ್ಯಾಹ್ನದವರೆಗೂ ಪೊಲೀಸರು ಬರುತ್ತಾರೆಂದು ಬಾಗಿಲನ್ನೇ ನೋಡಿದೆ. ಯಾರೂ ಬರಲಿಲ್ಲ.

ಹೀಗೆಯೇ ತಿಂಗಳುಗಳು ಕಳೆದವು... ಭಯ ಹೋಗಲಿಲ್ಲ, ಅದನ್ನೂ ಕೂರಿಸಿಕೊಂಡು ಹೋಗುವುದು ರೂಢಿಯಾಯಿತು. ಪೊಲೀಸರು ಹಿಡಿಯಬೇಕಾದದ್ದು ಈ ಟ್ರಿಪಲ್ ರೈಡಿಂಗಿಗೆ ಎಂದು ಕಾಕುವಿಗೆ ನಾನೇ ತಮಾಷೆ ಮಾಡುವಷ್ಟಾದೆ. ಕೆಲಸ ಉಳಿಯಿತು.

ಆಮೇಲೆ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿಗೆಂದು ರಾಯಚೂರಿಗೆ, ತಮ್ಮನ ಮನೆಗೆ ಹೊರಟರು. ಕಾಚಿಗೂಡ ಸ್ಟೇಷನ್ನಿಗೆ ನಾನೇ ಕರೆದುಕೊಂಡು ಹೋದೆ. ರೈಲಿಗೆ ಕಾಯುತ್ತಾ ಕುಳಿತಾಗ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ದಿನಾ ಗೊತ್ತಿಲ್ಲ ಅಂತಿದ್ರಲ್ಲಾ ಕಾಕು, ಅಷ್ಟು ಸುಳ್ಳು ಹೆಂಗ ಹೇಳಿದ್ರಿ?"

"ಸುಳ್ಳು ಯಾಕ ಹೇಳಲಿ? ಡಾಕ್ಟರ್ ಹೇಳಿದಾಗಿಂದ ಗಾಡಿ ಮ್ಯಾಲ ಕಣ್ಣು ಮುಚ್ಚಿಕೊಂಡು ಕೂಡ್ತಿದ್ದೆ. ಕಂಡಿದ್ರ ನಿನಗ ಹೇಳದ ಇರಾಕ ಆಗ್ತಿರಲಿಲ್ಲ ನನಗ."

ಮೆಹದಿಪಟ್ಟಣಂನ ಆ ಬಸ್ಸುಗಳ ನಡುವೆ, ಯಾರನ್ನೋ ಕೊಂದೇಬಿಡುತ್ತೇನೆಂದು ನಡುಗುತ್ತಿದ್ದ ನನ್ನ ಹಿಂದೆ, ಅವರು ಅಷ್ಟು ದಿನ ಕಣ್ಣು ಮುಚ್ಚಿ ಕುಳಿತಿದ್ದರು.

ಆಪರೇಷನ್ ಆದ ಮೇಲೆ ಕಾಕು ಉಳಿಯಲಿಲ್ಲ. ಅವರ ತಮ್ಮ ಫೋನ್ ಮಾಡಿ ಹೇಳಿದರು...

ಈಗಲೂ ಗುಂಡಿಗೆ ಇಳಿದಾಗ ಎದೆ ಹಾರುತ್ತದೆ. ಇವತ್ತು ಬೆಳಿಗ್ಗೆಯೂ ಹಾರಿತು. ಬಾಯಿ ತಾನಾಗಿಯೇ "ಕಾಕು" ಎಂದಿತು. ಹಿಂದಿನಿಂದ ಉತ್ತರ ಬರುವುದಿಲ್ಲವೆಂದು ಗೊತ್ತು. ಆದರೂ ಒಂದು ಗಳಿಗೆ ಕಾದೆ. ಆಮೇಲೆ ತಿರುಗಿ ನೋಡದೆ ಮುಂದೆ ಹೋದೆ.