ಬಿಲಿಯರ್ಡ್ಸ್ ಕೋಲಿನ ಆಚಾರ್ರು

ಆಚಾರ್ರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನಂತಿತ್ತು. ಅಷ್ಟೇ ಕಪ್ಪು, ಅಷ್ಟೇ ದಪ್ಪ, ತುದಿಯಲ್ಲಿ ಒಂದಿಷ್ಟು ಬಾಗು. ಅದನ್ನು ಅವರು ಬೇಕೆಂದೇ ಬೆಳೆಸಿದ್ದರು. ಹಳೆಯ ಮರ ಎಲ್ಲಿ ಕಂಡರೂ ಆ ಉಗುರಿನಿಂದ ಸ್ವಲ್ಪ ಕೆರೆದು, ಮೂಗಿಗೆ ಹಿಡಿದು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡುತ್ತಿದ್ದರು. ನಾನು ಅಕ್ಕಿಹೆಬ್ಬಾಳಿನ ಬ್ರಾಂಚ್ ಪೋಸ್ಟಾಫೀಸಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ನನ್ನ ಮೇಜನ್ನು ಹಾಗೆ ಕೆರೆದು, "ಮೇಲೆ ತೇಗದ ಬಣ್ಣ, ಒಳಗೆ ಮಾವು. ಮಾಡ್ದೋನು ಚೆನ್ನಾಗಿ ಟೋಪಿ ಹಾಕವ್ನೆ ಕಣವ್ವ" ಎಂದಿದ್ದರು. ಆ ಗೀರು ಈಗಲೂ ಇದೆ.

ಅವರ ಮರಗೆಲಸದ ಅಂಗಡಿ ಪೋಸ್ಟಾಫೀಸಿಗೆ ಎದುರೇ. ಬಾಗಿಲು, ಕಿಟಕಿ, ಮಂಚ ಮಾಡುವುದು ಕಸುಬು. ಆದರೆ ಸುತ್ತಲ ನಾಲ್ಕು ತಾಲ್ಲೂಕಿಗೆ ಅವರು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ಬಿಲಿಯರ್ಡ್ಸ್ ಆಡುವ ಹಳೆಯ ಕೋಲುಗಳನ್ನು ಹುಡುಕಿ ಹುಡುಕಿ ತರುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯ ಗೋಡೆಯುದ್ದಕ್ಕೂ ತಾವೇ ಕೊರೆದು ಮಾಡಿದ ಹಲಗೆಯಲ್ಲಿ ನಲವತ್ತಕ್ಕೂ ಹೆಚ್ಚು ಕೋಲುಗಳು ಸಾಲಾಗಿ ನಿಂತಿದ್ದವು. ಚೆಂಡು ಮಾತ್ರ ಒಂದೂ ಇರಲಿಲ್ಲ. ಆಟವನ್ನು ಅವರು ಆಡಿದವರಲ್ಲ, ಪೂರ್ತಿ ಕೂತು ನೋಡಿದವರೂ ಅಲ್ಲ.

"ಚೆಂಡ ಗುಂಡಿಗೆ ಬೀಳ್ಸಕ್ಕೆ ಇಂಥ ಕೋಲು ಯಾಕವ್ವ ಬೇಕು? ಕೈಲಿ ತಳ್ಳುದ್ರೂ ಬೀಳ್ತದೆ" ಎನ್ನುತ್ತಿದ್ದರು.

ಹುಚ್ಚು ಹತ್ತಿದ್ದು ಚಿಕ್ಕ ವಯಸ್ಸಿನಲ್ಲಂತೆ. ಮೈಸೂರಿನ ಯಾವುದೋ ಕ್ಲಬ್ಬಿನ ಬಾಗಿಲು ರಿಪೇರಿಗೆ ಹೋಗಿದ್ದಾಗ ಗೋಡೆಗೊರಗಿಸಿದ್ದ ಒಂದು ಕೋಲು ಕಣ್ಣಿಗೆ ಬಿತ್ತು. ಮುಂದಿನ ಬಿಳಿ ಮರ ಹಿಂದಿನ ಕರಿಮರದೊಳಕ್ಕೆ ನಾಲ್ಕು ಬೆರಳು ಚಾಚಿ ಹಿಡಿದುಕೊಂಡಂತೆ ಕೂತಿತ್ತು. ಮೊಳೆ ಇಲ್ಲ, ಸಂದು ಇಲ್ಲ. ಬಾಗಿಲನ್ನು ಮರೆತು ಮಧ್ಯಾಹ್ನದವರೆಗೂ ಅದನ್ನೇ ನೋಡುತ್ತ ಕೂತರು. ಸಂಜೆ ಕ್ಲಬ್ಬಿನವರು ಕೂಲಿಯನ್ನೂ ಕೊಡದೆ, ಇನ್ನು ಈ ಕಡೆ ಬರಬೇಡ ಎಂದು ಕಳಿಸಿಬಿಟ್ಟರು.

ನಮ್ಮ ಹಳ್ಳಿಗಳಲ್ಲಿ ಈ ಕೋಲುಗಳು ಎಲ್ಲಿಂದ ಬರಬೇಕು ಎಂದು ನನಗೂ ಆಶ್ಚರ್ಯವಾಗಿತ್ತು. ಆಚಾರ್ರ ಲೆಕ್ಕ ಸರಳ. ಮೈಸೂರಿನ ಕ್ಲಬ್ಬು, ಬಂಗಲೆಗಳಲ್ಲಿ ಅಡಿಗೆಗೆ, ತೋಟಕ್ಕೆ, ಕಾವಲಿಗೆ ಇದ್ದವರೆಲ್ಲ ನಮ್ಮ ಕಡೆಯವರು. ಹಳೆ ಸಾಮಾನು ಹೊರಗೆ ಹಾಕಿದಾಗ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಬಂದರು. ಅದು ನಿಜವೇ ಆಗಿತ್ತು. ಬಿಂಡಿಗನವಿಲೆಯಲ್ಲಿ ಒಬ್ಬ ಅಜ್ಜ ಅಂಥದ್ದೊಂದು ಕೋಲಿನಲ್ಲಿ ಕುರಿ ಕಾಯುತ್ತಿದ್ದ. ಗೋವಿಂದನಹಳ್ಳಿಯ ಒಂದು ಮನೆಯಲ್ಲಿ ಅದು ಜೇಡರ ಬಲೆ ಹೊಡೆಯುವ ಕೋಲಾಗಿತ್ತು. ಇನ್ನೊಂದು ಕಡೆ ಬಟ್ಟೆ ಒಣಗಿಸುವ ಗಳು. ಮೊದಮೊದಲು ಆಚಾರ್ರು ಅದರ ಇಂಗ್ಲಿಷ್ ಹೆಸರು ಹಿಡಿದು "ನಿಮ್ಮನೇಲಿ ಹಳೆ ಕ್ಯೂ ಐತಾ?" ಎಂದು ಕೇಳುತ್ತಿದ್ದರಂತೆ. "ಕ್ಯೂ ರೇಷನ್ ಅಂಗ್ಡಿ ತಾವ ಐತೆ, ಓಗಿ ನಿಂತ್ಕಳಿ" ಎಂದು ಜನ ಕಳಿಸುತ್ತಿದ್ದರಂತೆ. ಆಮೇಲೆ ಸುಮ್ಮನೆ ಕೋಲು ಅನ್ನತೊಡಗಿದರು.

ಕೋಲು ಗುರುತಿಸುವ ವಿದ್ಯೆಯನ್ನು ನನಗೆ ಕಲಿಸಿದ್ದು ಪೋಸ್ಟಾಫೀಸಿನ ಮೇಜಿನ ಮೇಲೇ. ಮೊದಲು ಉರುಳಿಸಬೇಕು. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಬಗ್ಗಿದ್ದರೆ ಕುಂಟುತ್ತದೆ. ಬಿಳಿ ಮರದ ಮೇಲೆ ಬಾಣದ ಮೊನೆಯಂಥ ಗೆರೆಗಳು ಒಂದರ ಹಿಂದೆ ಒಂದು ಬಂದಿದ್ದರೆ ಅದು ಸೀಮೆ ಮರ. ಕೊನೆಗೆ ಜೋಡಣೆ, ಅಂದರೆ ಬಿಳಿ ಮರದ ಬೆರಳುಗಳು ಕರಿಮರಕ್ಕೆ ಸೇರುವ ಕಡೆ. "ಮಿಷನ್‌ನಲ್ಲಿ ಕುಯ್ದು ಸೇರ್ಸಿದ್ರೆ ಮೊನೆ ಗರಗಸದ ಹಲ್ಲಂಗೆ ಚೂಪಾಗಿರ್ತದೆ. ಕೈಲಿ ಕೂರ್ಸಿದ್ರೆ ಉಗುರಿನಂಗೆ ದುಂಡಗಿರ್ತದೆ" ಎಂದು ತಮ್ಮ ಉಗುರನ್ನೇ ತೋರಿಸುತ್ತಿದ್ದರು. ಅವರ ಉಗುರನ್ನು ನೋಡಿ ಯಾರೂ ದುಂಡಗೆ ಅನ್ನುವಂತಿರಲಿಲ್ಲ.

ಒಂದೇ ತೊಂದರೆ ಎಂದರೆ ಮರದ ವಿಷಯದಲ್ಲಿ ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಬಳಿ ಒಬ್ಬ ವ್ಯಾಪಾರಿ ಇಂಥದೇ ಒಂದು ಕೋಲನ್ನು ಸುಲ್ತಾನರ ಕಾಲದ ರಾಜದಂಡ ಎಂದು ಯಾತ್ರಿಕರಿಗೆ ತೋರಿಸುತ್ತಿದ್ದ. ಆಚಾರ್ರು ಜನರ ಮಧ್ಯೆ ನುಗ್ಗಿ, ಕೋಲನ್ನು ಇಸಿದುಕೊಂಡು, ನಡುವೆ ಹಿಡಿದು ತಿರುಗಿಸಿದರು. ಅದು ಎರಡು ತುಂಡಾಗಿ ಬಿಚ್ಚಿಕೊಂಡಿತು. "ನೋಡಿ, ಇಸ್ಕ್ರೂ ಐತೆ" ಎಂದರು. ಯಾತ್ರಿಕರು ಕರಗಿಹೋದರು. ವ್ಯಾಪಾರಿ ಅಳುವಂತಾದ. ಪಾಪ ಅನ್ನಿಸಿ ಆಚಾರ್ರು ಊರಿಗೆ ಬಂದು ಬೀಟೆಯಲ್ಲಿ ಒಂದು ಚಂದದ ಊರುಗೋಲು ಮಾಡಿ, ಆ ಕೋಲಿಗೆ ಬದಲಾಗಿ ಕೊಟ್ಟರು. ಮುಂದಿನ ವಾರವೇ ಅವನು ಅದನ್ನೂ ಸುಲ್ತಾನರದೇ ಎಂದು ಮಾರಿದ.

ಇಷ್ಟು ಗೊತ್ತಿದ್ದೂ ನಾನು ಅವರನ್ನು ನಾಗಮಂಗಲಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋದೆ. ನನ್ನ ತಾತ ಹಿಂದೆ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಆಡುವ ದೊರೆಗಳಿಗೆ ಕೋಲು ತೆಗೆದುಕೊಟ್ಟು, ಪಾಯಿಂಟು ಕೂಗಿ ಹೇಳುವ ಕೆಲಸ. ಒಮ್ಮೆ ಒಬ್ಬ ದೊರೆ ತಮಾಷೆಗೆ ತಾತನನ್ನು ಆಟಕ್ಕೆ ಕರೆದು, ಸೋತು, ಮೆಚ್ಚಿ ತನ್ನ ಸ್ವಂತ ಕೋಲನ್ನೇ ಉಡುಗೊರೆ ಕೊಟ್ಟನೆಂಬುದು ನಮ್ಮ ಮನೆಯ ಕಥೆ. ಆ ಕೋಲು ತಾತನ ಫೋಟೋದ ಕೆಳಗೆ ನಡುಮನೆಯಲ್ಲಿತ್ತು. ಆಯುಧಪೂಜೆಗೆ ಅದಕ್ಕೂ ಕುಂಕುಮ, ಹೂವು. ಅಪ್ಪ ಆ ಕಥೆಯನ್ನು ಹೇಳದೆ ಯಾವ ನೆಂಟರನ್ನೂ ಬೀಳ್ಕೊಟ್ಟವರಲ್ಲ. ಕೋಲು ನೋಡುವ ಆಚಾರ್ರು ಬರುತ್ತಾರೆಂದು ತಿಳಿದು ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದರು.

ಆಚಾರ್ರು ಕೋಲನ್ನು ಇಳಿಸಿದರು, ಉರುಳಿಸಿದರು, ಮೂಸಿದರು, ಒಂದು ಕಣ್ಣು ಮುಚ್ಚಿದರು.

"ಮಿಷನ್ ಜೋಡು" ಎಂದರು. "ಕ್ಲಬ್ಬಿನ ಗೋಡೇಲಿ ಎಲ್ರ ಬಳಕೆಗೂ ಇಡೋ ಕೋಲು ಇದು. ಇಲ್ಲಿ ನೋಡಿ ನಂಬರ್ ಒಂಬತ್ತು ಅಂತ ಕೆತ್ತವ್ರೆ. ಸ್ವಂತ ಕೋಲಿಗೆ ಯಾರೂ ನಂಬರ್ ಹಾಕ್ಸಲ್ಲ."

ಯಾರೋ ಹಿಂದಿನಿಂದ, "ಅಂಗಾದ್ರೆ ಕೊಟ್ಟಿದ್ದಲ್ವಾ? ಎತ್ಕಂಬಂದಿದ್ದಾ?" ಎಂದರು. ಇನ್ನೊಬ್ಬರು ನಕ್ಕೇಬಿಟ್ಟರು.

ಅಪ್ಪನ ಮುಖ ನೋಡಲಾಗಲಿಲ್ಲ. "ಆಚಾರ್ರೇ, ಬಸ್ಸಿಗೆ ವೊತ್ತಾಯ್ತು ನಿಮ್ಗೆ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಒಲೆಯ ಮೇಲಿದ್ದ ಕಾಫಿ ಅಲ್ಲೇ ಉಳಿಯಿತು.

ಬೀದಿಯವರು ನಮ್ಮ ಮನೆಗೆ ಒಂಬತ್ತನೇ ನಂಬರ್ ಮನೆ ಎಂದು ಹೆಸರಿಟ್ಟರು. ಅಪ್ಪ ಕೋಲನ್ನು ಗೋಡೆಯಿಂದ ತೆಗೆದು ಮಂಚದ ಕೆಳಗೆ ಹಾಕಿದರು. ಸಂಜೆಯ ಹೊತ್ತು ಅರಳಿಕಟ್ಟೆಗೆ ಹೋಗುವುದನ್ನು ಬಿಟ್ಟರು. ಅವ್ವ ಫೋನ್ ಮಾಡಿ, "ಸರ್ಯಾಗಿ ಉಣ್ಣದ್ನೂ ಬುಟ್ಟವ್ರೆ ಕಣ್ ಮಗ" ಎಂದಾಗ ನಾನು ಕೋಪದಿಂದ ಎದುರಿನ ಅಂಗಡಿಗೆ ನುಗ್ಗಿದೆ.

"ಒಂದ್ ಮಾತು ಸುಳ್ಳು ಹೇಳಿ ಆಚಾರ್ರೇ. ಇನ್ನೊಂದ್ಸಲ ನೋಡಿದೆ, ಅದು ದೊರೆ ಕೋಲೇ ಅಂತ ಅಂದ್ಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

"ಬೇರೆ ಏನಾದ್ರೂ ಕೇಳವ್ವ" ಎಂದು ಅವರು ತಲೆ ತಗ್ಗಿಸಿ ಉಜ್ಜುತ್ತಿದ್ದ ಹಲಗೆಯನ್ನೇ ಉಜ್ಜಿದರು. ನಾನು ಮಾತು ಬಿಟ್ಟೆ. ಅವರ ಕಾಗದಗಳನ್ನೂ ಕೈಗೆ ಕೊಡದೆ ಅಂಗಡಿಯ ಬಾಗಿಲಲ್ಲಿಟ್ಟು ಬರುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಒಂದು ಭಾನುವಾರ ಬೆಳಿಗ್ಗೆ ಆಚಾರ್ರು ಮೊಪೆಡ್ಡಿನ ಮೇಲೆ ಅಕ್ಕಿಹೆಬ್ಬಾಳಿನ ನನ್ನ ಮನೆ ಮುಂದೆ ಬಂದು ನಿಂತು, "ಆ ಕೋಲು ಕೈಲಿ ಹಿಡ್ದಾಗ ಹಿಂದ್ಗಡೆ ಭಾರ ಜಾಸ್ತಿ ಇತ್ತು. ಅದ್ಯಾಕೆ ಅಂತ ಅವತ್ತು ಕೇಳ್ಕಳ್ಲಿಲ್ಲ ನಾನು. ನಡಿ ನಾಗಮಂಗ್ಲಕ್ಕೆ" ಎಂದರು.

ನಾಗಮಂಗಲ ತಲುಪಿದರೆ ಅಪ್ಪ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ, "ಆ ಮನ್ಷ ವಸ್ಲು ದಾಟಂಗಿಲ್ಲ" ಎಂದರು.

"ದಾಟಲ್ಲ ಬುಡಿ. ಕೋಲ ಕೊಡಿ, ನೋಡಿ ಓಯ್ತೀನಿ."

ಅವ್ವ ಬಹಳ ಗೋಗರೆದ ಮೇಲೆ ಅಪ್ಪ ಕೋಲಿನ ಹಿಂಭಾಗವನ್ನು ಕಿಟಕಿಯ ಸರಳಿನ ಸಂದಿನಿಂದ ಹೊರಗೆ ತೂರಿಸಿದರು. ಮುಂಭಾಗವನ್ನು ಮಾತ್ರ ಬಿಡಲಿಲ್ಲ. ಹೀಗೆ ಅರ್ಧ ಕೋಲು ಒಳಗೆ ಅಪ್ಪನ ಕೈಯಲ್ಲಿ, ಅರ್ಧ ಬೀದಿಯಲ್ಲಿ ಆಚಾರ್ರ ಕೈಯಲ್ಲಿ. ಆಚಾರ್ರು ತಿರುಗಿಸಲು ನೋಡಿದರೆ ಅಪ್ಪ ಎಳೆಯುತ್ತಿದ್ದರು. "ಎಳೀಬೇಡಿ ಯಜಮಾನ್ರೇ, ಮುರುದದು!" "ನಿಮ್ಮ ಬಾಯಿ ಮುರುದ್ರೆ ಸಾಕು!" ಇಷ್ಟಾಗುವಷ್ಟರಲ್ಲಿ ಬೀದಿಯವರು ಮತ್ತೆ ಸೇರಿದರು.

ಆಚಾರ್ರು ನಂಬರಿನ ಮೇಲೆ ವರ್ಷವರ್ಷವೂ ಹಚ್ಚಿ ಗಟ್ಟಿಯಾಗಿದ್ದ ಕುಂಕುಮವನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ಒಂಬತ್ತರ ಮೇಲೆ ಅಡ್ಡಲಾಗಿ ಕೊರೆದ ಒಂದು ಗೆರೆ ಎದ್ದು ಬಂತು. ಅದರ ಕೆಳಗೆ ಒಂದು ಗೇಣಿನಷ್ಟು ಎಣ್ಣೆಮಸಿಯನ್ನು ಕೆರೆದರು. ಕೂದಲೆಳೆಯಂಥ ಒಂದು ಓರೆ ಸಂದು ಕಂಡಿತು. ಅದನ್ನು ಮೂಸಿ, ಎಡಗಣ್ಣು ಮುಚ್ಚಿ ನೋಡಿ, ಮತ್ತೆ ನೋಡಿದರು. ಆಮೇಲೆ ಬೀದಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದರು.

"ನಾನು ತಪ್ಪು ನೋಡ್ದೆ ಕಣ್ರಪ್ಪೋ! ಅವತ್ತು ನಕ್ಕಿದ್ರಲ್ಲ, ಅವ್ರೆಲ್ಲ ಇತ್ಲಾಗ್ ಬನ್ನಿ. ಈ ಕೋಲು ಮುರ್ದೋಗಿತ್ತು. ಕ್ಲಬ್ಬಿನೋರು ನಂಬರ್ ಹೊಡ್ದಾಕಿ ಎಸ್ದವ್ರೆ. ಕದ್ದಿದ್ದಲ್ಲ. ಹಿಂದಿನ ಗೇಣು ನಮ್ಮ ಬೀಟೆ ಮರ, ಅದ್ಕೇ ಭಾರ, ಕೈಲಿ ಕೂರ್ಸಿರೋ ಕೆಲ್ಸ. ನಾನು ಅರವತ್ತು ವರ್ಷದಿಂದ ಉಳಿ ಹಿಡಿದಿವ್ನಿ, ಈ ಸಂದು ನನ್ ಕಣ್ಣಿಗೇ ಬೀಳ್ಲಿಲ್ಲ!"

ಕಿಟಕಿಯ ಒಳಗೆ ಎಳೆದಾಟ ನಿಂತಿತು. "ಅಂದ್ರೆ ದೊರೆ ಕೊಟ್ಟಿದ್ದಲ್ವಾ?" ಎಂದು ಅಪ್ಪ ಸಣ್ಣ ದನಿಯಲ್ಲಿ ಕೇಳಿದರು.

"ಅಲ್ಲ ಯಜಮಾನ್ರೇ. ಮುರ್ದೋಗಿದ್ದನ್ನ ನಿಮ್ಮಪ್ಪಾರು ತಂದು ಸೇರ್ಸವ್ರೆ."

"ಮುರ್ದಿದ್ದು ಯಾರು?"

"ಅದು ಮರದಲ್ಲಿ ಕಾಣಲ್ಲ."

ಅಪ್ಪ ಸ್ವಲ್ಪ ಯೋಚಿಸಿದರು. ಬಾಗಿಲು ತೆರೆಯಿತು. "ದೊರೇನೇ ಮುರ್ದಿರ್ಬೇಕು" ಎಂದರು ಅಪ್ಪ. "ನಮ್ಮಪ್ಪನ ಕೈಲಿ ಸೋತ್ನಲ್ಲ, ತಡೀನಾರ್ದೆ ಮೇಜಿಗೆ ಕುಟ್ಟವ್ನೆ!" ಅಂದಿನಿಂದ ನಮ್ಮ ಮನೆಯ ಕಥೆ ಅದೇ ಆಯಿತು. ಆಚಾರ್ರಿಗೆ ಒಂದಲ್ಲ, ಮೂರು ಲೋಟ ಕಾಫಿ ಸಿಕ್ಕಿತು. ಮೇಜಿಗೆ ಕುಟ್ಟಿದ ವಿಷಯ ಬಂದಾಗಲೆಲ್ಲ ಅವರು ಬಾಯಿ ತೆರೆಯಲು ಹೋಗಿ, ನನ್ನ ಮುಖ ನೋಡಿ, ಕಾಫಿ ಕುಡಿಯುತ್ತಿದ್ದರು.

ನಾನು ಅವರಿಂದ ಕಲಿತದ್ದು ಕೋಲು ನೋಡುವುದನ್ನಲ್ಲ. ಮರುವರ್ಷ ಒಂದು ರಿಜಿಸ್ಟರ್ ಕಾಗದವನ್ನು ಅದೇ ಹೆಸರಿನ ಬೇರೆ ಮನೆಗೆ ಕೊಟ್ಟುಬಿಟ್ಟಿದ್ದೆ. ಯಾರಿಗೂ ಗೊತ್ತಾಗದಂತೆ ಸರಿಮಾಡಬಹುದಿತ್ತು. ನಾನು ಎರಡೂ ಮನೆಯವರನ್ನು ಕರೆದು, ಊರ ಮುಂದೆಯೇ ತಪ್ಪು ನನ್ನದೆಂದು ಹೇಳಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಮುದ್ದೆ ಉಂಡು ಅಂಗಡಿಯ ಮಂಚದಲ್ಲಿ ಮಲಗಿದ ಆಚಾರ್ರು ಮತ್ತೆ ಏಳಲಿಲ್ಲ. ತಿಥಿ ಕಳೆದ ಮೇಲೆ ಹಳೆ ಸಾಮಾನು ಕೊಳ್ಳುವವರೊಬ್ಬರು ಕಾರಿನಲ್ಲಿ ಬಂದರು. ಜೊತೆಗಿರಲೆಂದು ಆಚಾರ್ರ ಹೆಂಡತಿ ನನ್ನನ್ನು ಕರೆದಿದ್ದರು. ಬಂದವರು ಒಂದು ಕೋಲನ್ನೆತ್ತಿ, ಇದು ಕೈಜೋಡಣೆ, ಬಹಳ ಅಪರೂಪದ್ದು ಎಂದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಅದು ಮಿಷನ್‌ದು. ಮೊನೆ ನೋಡಿ, ಚೂಪೈತೆ. ಕೈಲಿ ಕೂರ್ಸಿದ್ದು ಅದರ ಪಕ್ಕದ್ದು" ಎಂದರು. ಬಂದವರಷ್ಟೇ ನಾನೂ ಬೆರಗಾದೆ.

"ಕ್ವಾಣೆಗೆ ಕಾಫಿ ತಗಂಡೋಗಿ, ಲೋಟ ಕಾಲಿ ಆಗಗಂಟ ನಿಂತಿರ್ತಿದ್ದೆ ಕಣವ್ವ. ಕೇಳುಸ್ಕಳ್ದೆ ಇನ್ನೇನ್ ಮಾಡ್ಲಿ?" ಎಂದರು.

ಯಾವುದನ್ನೂ ಕೊಡುವುದಿಲ್ಲವೆಂದು ಬಂದವರನ್ನು ಕಳಿಸಿದ ಮೇಲೆ, ಆಕೆ ಮೂಲೆಯಲ್ಲಿದ್ದ ಕೋಲೊಂದನ್ನು ತೆಗೆದರು. ಪಾಂಡವಪುರದಲ್ಲಿ ಸಿಕ್ಕದ್ದು ಅದು. ಇದರಂಥ ನೆಟ್ಟಗಿನ ಕೋಲು ಇನ್ನೊಂದಿಲ್ಲ ಎಂದು ಆಚಾರ್ರು ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಆಕೆ ಅದನ್ನು ನೆಲದ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿದರು.

"ನೋಡು, ವಸಿ ಕುಂಟ್ತದೆ" ಎಂದರು. "ವಯಸ್ಸಾಗಿತ್ತಲ್ಲ, ಅವ್ರ ಕಣ್ಣಿಗೆ ಬೀಳ್ಲಿಲ್ಲ. ನಾನೂ ಹೇಳಕ್ಕೋಗ್ಲಿಲ್ಲ. ಬಾಳ ಖುಷೀಲಿದ್ರು ಅವತ್ತು."