ಒಡಪಿನ ಖಾಲಿ ಜಾಗ

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ ಉಡಿ ತುಂಬುವಾಗ ಹೆಂಗಸರೆಲ್ಲ ಪಟ್ಟು ಹಿಡಿದರೆ, ಪ್ರಾಸ ಕೂಡಿಸಿದ ಒಡಪಿನಲ್ಲಿ ಸೇರಿಸಿ ಹೇಳುತ್ತಾಳೆ. ರಬಕವಿಯ ನಮ್ಮ ದೊಡ್ಡವ್ವ ಇಂಥ ಒಡಪುಗಳ ಕಣಜ. ಓಣಿಯ ಮದುಮಕ್ಕಳಿಗೆಲ್ಲ ಕಲಿಸಿದವಳು, ತನ್ನ ಸರದಿ ಬಂದಾಗ ಮಾತ್ರ ಬಾಯಿಗೆ ಸೆರಗು ಹಚ್ಚಿ ಅಡುಗೆಮನೆ ಸೇರುತ್ತಿದ್ದಳು.

ಮುಧೋಳದಲ್ಲಿ ಮೊಮ್ಮಗಳ ಮದುವೆ ಗೊತ್ತಾದಾಗ ಅವಳಿಗೊಂದು ಆಸೆ ಹುಟ್ಟಿತು. ಒಡಪುಗಳ ಸಣ್ಣ ಪುಸ್ತಕ ಅಚ್ಚು ಹಾಕಿಸಿ, ಬಂದ ಹೆಣ್ಣುಮಕ್ಕಳ ಉಡಿಯಲ್ಲಿ ಹಾಕಬೇಕು.

"ಈಗಿನ ಹುಡುಗ್ಯಾರು ಮಂದಿ ಮುಂದ ತಡವರಸ್ತಾವ. ನಾ ಹೋದ ಮ್ಯಾಲೆ ಇವಕ್ಕ ಯಾರ ಕಲಸ್ತಾರ?"

ಟೈಪ್ ಮಾಡುವುದೆಂದರೆ ನನಗೆ ಜೀವ ಹೋದಷ್ಟು ಬೇಸರ. ಜಮಖಂಡಿಯಿಂದ ನನ್ನ ಟ್ಯಾಬ್ ಒಯ್ದು ಅದರ ಪೆನ್ನನ್ನು ಅವಳ ಕೈಗೇ ಕೊಟ್ಟೆ. ಅವಳು ಬರೆದಂತೆಲ್ಲ ಕೈಬರಹ ಕರಗಿ ಟೈಪ್ ಅಕ್ಷರ ಮೂಡುತ್ತಿತ್ತು. ನನ್ನ ಕಾಗೆಕಾಲು ಗುಬ್ಬಿಕಾಲು ಕಂಡರೆ ತಬ್ಬಿಬ್ಬಾಗುವ ಯಂತ್ರ ಅವಳ ಗುಂಡನೆಯ ಅಕ್ಷರವನ್ನು ಒಂದೂ ತಪ್ಪಿಲ್ಲದೆ ಓದಿತು. ನನಗೆ ಹೊಟ್ಟೆಕಿಚ್ಚೇ ಆಯಿತು.

ಆದರೆ ದೊಡ್ಡವ್ವ ಓದಿಕೊಂಡು ಹುಬ್ಬು ಗಂಟಿಕ್ಕಿದಳು. "ಕೃಷ್ಣಾ ಹೊಳಿ ತುಂಬಿದ್ರ ದಂಡಿಗೆಲ್ಲ ಹಸಿರು, ಉಡಿ ತುಂಬೂ ಹೊತ್ತಿಗೆ ಹೇಳತೇನಿ ಅವರ ಹೆಸರು." ಹಸಿರು, ಹೆಸರು ಎರಡೂ ಬಂದಿದ್ದವು. ಹುಡುಗಿಯರು ತಂತಮ್ಮ ಗಂಡನ ಹೆಸರು ತುಂಬಲೆಂದು "ಅವರ" ಮುಂಚೆ ಅವಳು ಬಿಟ್ಟಿದ್ದ ಜಾಗವೇ ಇರಲಿಲ್ಲ.

"ಗಂಡನ್ನ ನುಂಗೇತಲ್ಲವ್ವಾ ನಿನ್ನ ಹಲಗಿ."

ಚುಕ್ಕಿ ಇಡಿಸಿದೆ. ಅದನ್ನೂ ನುಂಗಿತು. ಕೊನೆಗೆ ನಾನೇ ಉಪಾಯ ಹೇಳಿದೆ. "ಎಲ್ಲಾ ಕಡೆ ಯಾವುದಾರ ಒಂದ ಹೆಸರು ಬರಿ ದೊಡ್ಡವ್ವಾ. ಆಮ್ಯಾಲೆ ಎಲ್ಲಾ ಒಮ್ಮೆಲೆ ತಗದು ಚುಕ್ಕಿ ಹಾಕತೇನಿ."

"ಯಾವುದಾರ ಅಂದ್ರ? ಕಂಡವರ ಹೆಸರು ನನ್ನ ಒಡಪಿನಾಗ ನಾ ಯಾಕ ಬರೀಲಿ?"

ಅವಳ ಮಾತು ಖರೆ. ಹಾಗಾದರೆ ಬರೆಯಬಹುದಾದ ಹೆಸರು ಜಗತ್ತಿನಲ್ಲಿ ಒಂದೇ ಉಳಿಯಿತು. ನಾನು ಬೇಕಂತಲೇ ಪೆನ್ನನ್ನು ಅವಳ ಕಡೆ ಸರಿಸಿದೆ. ಅವಳು ದೊಡ್ಡಪ್ಪ ಮಗ್ಗ ನೇಯುತ್ತಿದ್ದ ಪಡಸಾಲೆಯ ಕಡೆ ನೋಡಿ, ಟ್ಯಾಬಿಗೆ ಸೆರಗು ಮರೆ ಮಾಡಿ, ಬರೆಯತೊಡಗಿದಳು. ಮುಖ ಕೆಂಪಗಾಗಿತ್ತು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಎಲ್ಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಮಗ್ಗ ನಿಲ್ಲಿಸಿ ಚಹಾಕ್ಕೆ ಬಂದರು. ನಾನು ಚಾಡಿಕೋರಿಯಂತೆ ಟ್ಯಾಬ್ ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದರು. ಒಂದೊಂದು ಒಡಪಿನಲ್ಲೂ ಅವರೇ.

"ಇದು ಅಚ್ಚಿನ ಅಕ್ಷರ. ಆಕಿ ಕೈಲೆ ಬರದದ್ದು ಎಲ್ಲೈತಿ?"

"ಅದು ಕರಗಿ ಹೋಗತೈತಿ ದೊಡ್ಡಪ್ಪಾ."

ಅವರು ಟ್ಯಾಬನ್ನು ದೊಡ್ಡವ್ವನ ಕಡೆ ತಿರುಗಿಸಿದರು. "ಇನ್ನೊಮ್ಮೆ ಬರಿ. ನಾ ನೋಡತೇನಿ." ಕೈಬರಹ ಕರಗದೆ ಹಾಗೇ ಉಳಿಯುವ ಹೊಸ ಪುಟವೊಂದನ್ನು ನಾನು ತೆರೆದುಕೊಟ್ಟೆ.

"ಚಹಾ ಆರತೈತ್ರಿ," ಎಂದಳು. ಎಂದವಳು ಪೆನ್ನು ತೆಗೆದುಕೊಂಡಳು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ. ಅವಳು ಬರೆದು ಮುಗಿಸುವತನಕ ದೊಡ್ಡಪ್ಪ ಕಪ್ಪು ಮುಟ್ಟಲಿಲ್ಲ.

"ಇದನ್ನ ಟೈಪ್ ಮಾಡಬ್ಯಾಡವ್ವಾ," ಎಂದರು ನನಗೆ.

ಮಾತಿನಂತೆ ಉಳಿದ ಹೆಸರನ್ನೆಲ್ಲ ತೆಗೆದು ಚುಕ್ಕಿ ಹಾಕಿ ಅಚ್ಚಿಗೆ ಕೊಟ್ಟೆ. ಮುಧೋಳದ ಹಂದರದಲ್ಲಿ ಹುಡುಗಿಯರು ಪುಸ್ತಕ ಹಿಡಿದು, ಗಂಡಂದಿರ ಹೆಸರು ತುಂಬಿ, ಒಬ್ಬರನ್ನೊಬ್ಬರು ಚುಡಾಯಿಸುತ್ತ ಓದಿದರು. ದೊಡ್ಡವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಆ ಒಂದು ಪುಟ ಮಾತ್ರ ನನ್ನ ಟ್ಯಾಬಿನಲ್ಲಿ ಹಾಗೇ ಇದೆ. ನಾನು ರಬಕವಿಗೆ ಹೋದಾಗಲೆಲ್ಲ ದೊಡ್ಡಪ್ಪ ಮೊದಲು ಕೇಳುವುದು ಅದರಲ್ಲಿ ಚಾರ್ಜ್ ಇದೆಯೇ ಎಂದು.