ಕ್ಯಾರಿಯರ್ ಮೇಲಿನ ಷರತ್ತು

ಬ್ಯಾಂಕಿನ ವರ್ಗಾವಣೆಯಾಗಿ ಅಕ್ಕ-ಭಾವ ಧಾರವಾಡ ಬಿಟ್ಟು ನಾಶಿಕ್ ಸೇರಿ ಆರು ವರ್ಷವಾಗಿತ್ತು. ಭಾವ ದಿನವೂ ಬಸ್ಸು ಹಿಡಿದು ಪಿಂಪಳಗಾಂವ್ ಶಾಖೆಗೆ ಹೋಗುತ್ತಿದ್ದರಿಂದ ಅವರ ಸೈಕಲ್ ಮನೆಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ರಜೆಗೆ ಹೋದ ನನಗೆ ಅದು ಸಿಕ್ಕಿದ್ದೇ ತಡ, ಊರು ಸುತ್ತುವ ಹುಚ್ಚು ಹತ್ತಿತು. ಪಂಚವಟಿಯ ಸಂದಿಗೊಂದಿ, ಗೋದಾವರಿಯ ಸೇತುವೆಗಳು, ಹಿತ್ತಾಳೆ ಪಾತ್ರೆಗಳ ಅಂಗಡಿ ಸಾಲು ಎಲ್ಲವನ್ನೂ ಮೂರೇ ದಿನದಲ್ಲಿ ಅರೆದು ಕುಡಿದವನಂತೆ ಬೀಗುತ್ತಿದ್ದೆ.

ನಾಲ್ಕನೇ ದಿನ ಅಕ್ಕನ ಐದು ವರ್ಷದ ಮಗಳೂ ನನ್ನ ಜೊತೆ ಹೊರಟಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಮರಾಠಿ. ನನಗೋ ಮರಾಠಿಯ ಗಂಧಗಾಳಿ ಇಲ್ಲ. ಇವಳನ್ನು ತಿದ್ದಿಯೇ ಬಿಡುತ್ತೇನೆಂಬ ಮೇಷ್ಟ್ರ ಬುದ್ಧಿ ಬೇರೆ. ಕ್ಯಾರಿಯರ್ ಮೇಲೆ ಕೂರಿಸುವಾಗಲೇ ಷರತ್ತು ಹಾಕಿದೆ.

"ಕನ್ನಡದಾಗ ಹೇಳಿದ್ರಷ್ಟ ಕೇಳಸ್ತದ ನೋಡು. ಮರಾಠಿ ಮಾತಾಡಿದ್ರ ಮಾಮಾ ಕಿವುಡ."

ಅವಳು ನಕ್ಕು ಒಪ್ಪಿದಳು.

ರಾಮಕುಂಡದ ಕಡೆಯ ಇಳಿಜಾರಿನಲ್ಲಿ, "ಮಾಮಾ, ಪಾಯಾಲಾ ಮುಂಗ್ಯಾ ಆಲ್ಯಾ" ಎಂದಳು. "ಕೇಳಸಲಿಲ್ಲ" ಎಂದೆ. ಮತ್ತೆ ಅದನ್ನೇ ಹೇಳಿದಳು. "ಕನ್ನಡದಾಗ!" ಎಂದು ಗಂಟೆ ಬಾರಿಸಿದೆ. ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಕನ್ನಡದ ಶಬ್ದ ಹುಡುಕುತ್ತಿದ್ದಾಳೆ, ಪಾಠ ತಲೆಗೆ ಹತ್ತುತ್ತಿದೆ ಎಂದು ನನಗೆ ಖುಷಿಯೋ ಖುಷಿ. ಅಷ್ಟರಲ್ಲಿ ಹಿಂದಿನ ಗಾಲಿ ಗಕ್ಕನೆ ನಿಂತಿತು. ಅವಳು ಚೀರಿದಳು. ಹಿಮ್ಮಡಿ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿಕೊಂಡಿತ್ತು.

ಹೂ ಮಾರುವ ಹೆಂಗಸೊಬ್ಬಳು ಓಡಿ ಬಂದು ಕಾಲು ಬಿಡಿಸಿದಳು. ಹುಡುಗಿ ನನ್ನ ಅಂಗಿ ಹಿಡಿದು ಅಳುತ್ತ ಏನೇನೋ ಹೇಳುತ್ತಿದ್ದಳು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಈ ಸಲ ನನ್ನ ಕಿವುಡು ನಾಟಕವಾಗಿರಲಿಲ್ಲ. ನೋವೆಲ್ಲಿ ಎಂದು ಕೇಳಿದರೂ ಉತ್ತರ ತಿಳಿಯದ ಮಾಮಾನಾಗಿ ಅವಳನ್ನೆತ್ತಿಕೊಂಡು ದವಾಖಾನೆಗೆ ಓಡಿದೆ.

ಡಾಕ್ಟರು ಅವಳನ್ನೇ ವಿಚಾರಿಸಿ, ನಾಲ್ಕು ಹೊಲಿಗೆ ಹಾಕಿ, ನನ್ನತ್ತ ತಿರುಗಿ ಹಿಂದಿಯಲ್ಲಿ ಹೇಳಿದರು. ಕಾಲು ಜೋಮು ಹಿಡಿದಿದೆ ಎಂದು ಎರಡು ಸಲ ಹೇಳಿದಳಂತೆ, ಮಾಮಾ ಸೈಕಲ್ ನಿಲ್ಲಿಸಲಿಲ್ಲವಂತೆ.

ಅಕ್ಕ ಬೈಯಲಿಲ್ಲ. "ಹುಡುಗ್ರು ಅಂದ್ರ ಹಂಗ ಆಗ್ತದ, ಬಿಡೋ" ಎಂದಳು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಷರತ್ತಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ದಿಂಬಿನ ಮೇಲೆ ಕಾಲಿಟ್ಟುಕೊಂಡು, ಅಮ್ಮನ ಕಿವಿಯಲ್ಲಿ ಏನೋ ಕೇಳಿದಳು. ಅಕ್ಕ ಮೆಲ್ಲಗೆ ಹೇಳಿಕೊಟ್ಟಳು. ಆಮೇಲೆ ಮಗಳು ನನ್ನನ್ನು ಕರೆದು, ಒಂದೊಂದೇ ಶಬ್ದ ಕೂಡಿಸುತ್ತ ಹೇಳಿದಳು.

"ಮಾಮಾ, ಕಾಲು... ಜೋಮು ಹಿಡದದ. ಈಗ ಕೇಳಸ್ತದ?"